ಕರಾವಳಿಯ ಮಳೆ-ಬೆವರಿಗೆ ಬಾಳುವ ಆಫೀಸ್ ಬಟ್ಟೆ: ಕಾರವಾರ, ಶಿರಸಿಯವರು ಎಲ್ಲಿ ಏನು ಕೊಳ್ಳಬೇಕು

ಕಚೇರಿ, ಬ್ಯಾಂಕು, ಶಾಲೆ ಎಲ್ಲಿ ಕೆಲಸವಿದ್ದರೂ ಹೆಂಗಸರಿಗೆ ವಾರಕ್ಕೆ ಐದಾರು ಜೊತೆ ಒಪ್ಪವಾದ ಬಟ್ಟೆ ಬೇಕೇ ಬೇಕು. ನಮ್ಮ ಕಡೆ ತೊಟ್ಟು ಸವೆಯುವ ಬಟ್ಟೆಗಿಂತ ಬೆವರಿಗೆ ಬಣ್ಣಗೆಡುವ, ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಒಣಗದೆ ಬೂಷ್ಟು ಹಿಡಿಯುವ ಬಟ್ಟೆಯೇ ಹೆಚ್ಚು. ಎರಡು ಮಳೆಗಾಲ ದಾಟದ ಕುರ್ತಾ 300 ರೂಪಾಯಿಗೆ ಸಿಕ್ಕರೂ ದುಬಾರಿಯೇ. ವರ್ಷಗಟ್ಟಲೆ ಎಲ್ಲ ಕಡೆಯಿಂದಲೂ ಕೊಂಡು, ಒಗೆದು ನೋಡಿದ ಮೇಲೆ ನಮ್ಮ ಮೊದಲ ಮತ ಊರಿನ ಬಟ್ಟೆ ಅಂಗಡಿಯಲ್ಲಿ ತಾನಿನಿಂದ ಮೀಟರ್ ಲೆಕ್ಕದಲ್ಲಿ ಕತ್ತರಿಸಿ ಕೊಡುವ ಬಟ್ಟೆಗೆ ಮತ್ತು ಒಳ್ಳೆಯ ಟೇಲರಿಗೆ.

ಬಟ್ಟೆಯ ಪನ್ನ, ಅಂದರೆ ಅಗಲ, 44 ಇಂಚು ಇದ್ದರೆ ಮೊಣಕಾಲು ದಾಟುವ, ಮುಕ್ಕಾಲು ತೋಳಿನ ಕುರ್ತಾಕ್ಕೆ ಎರಡೂವರೆ ಮೀಟರ್ ಸಾಕು. ಎದೆಯಳತೆ 42 ದಾಟಿದರೆ ಮೂರು ಮೀಟರ್ ತೆಗೆದುಕೊಳ್ಳಿ. ಸ್ಟ್ರೇಟ್ ಪ್ಯಾಂಟಿಗೆ ಎರಡರಿಂದ ಎರಡೂಕಾಲು. ಕಾಟನ್ ಮೊದಲ ಒಗೆತಕ್ಕೆ ನೂರಕ್ಕೆ ಮೂರರಿಂದ ಐದರಷ್ಟು ಕುಗ್ಗುತ್ತದೆ. 42 ಇಂಚು ಉದ್ದದ ಕುರ್ತಾದಲ್ಲಿ ಅದು ಒಂದೂಕಾಲರಿಂದ ಎರಡು ಇಂಚು. ಆದ್ದರಿಂದ ರಾತ್ರಿಯಿಡೀ ಬರೀ ನೀರಿನಲ್ಲಿ ನೆನೆಹಾಕಿ, ನೆರಳಲ್ಲಿ ಒಣಗಿಸಿ, ಇಸ್ತ್ರಿ ಮಾಡಿಯೇ ಟೇಲರಿಗೆ ಕೊಡಿ. ಲೈನಿಂಗನ್ನೂ ನೆನೆಸುವುದನ್ನು ಮರೆಯಬೇಡಿ. ಬಹಳ ಜನ ಮೇಲಿನ ಬಟ್ಟೆಯನ್ನಷ್ಟೇ ನೆನೆಸುತ್ತಾರೆ, ಆಮೇಲೆ ಒಳಗಿನ ಲೈನಿಂಗ್ ಕುಗ್ಗಿ ಕಂಕುಳ ಹತ್ತಿರ ಹೊಲಿಗೆ ಸುಕ್ಕುಗಟ್ಟುತ್ತದೆ. ಅದನ್ನು ಇಸ್ತ್ರಿ ಸರಿಮಾಡಲಾರದು.

ಟೇಲರಿಗೆ ಹೇಳಬೇಕಾದ್ದನ್ನು ಬಾಯಲ್ಲಿ ಹೇಳಿ ಬಿಡಬೇಡಿ, ಚೀಟಿಯಲ್ಲಿ ಬರೆದುಕೊಡಿ: ಎರಡೂ ಬದಿ ಒಂದೊಂದು ಇಂಚು ಮಾರ್ಜಿನ್, ಕೆಳಗೆ ಎರಡಿಂಚು ಮಡಿಕೆ, ಒಳಗೆ ಎಳೆ ಬಿಚ್ಚದಂತೆ ಅಂಚಿಗೆ ಓವರ್‌ಲಾಕ್ ಹೊಲಿಗೆ, ಬಲಕ್ಕೊಂದು ಜೇಬು. ಕಂಕುಳನ್ನು ಬಿಗಿಯಾಗಿ ಹಿಡಿಸಬೇಡಿ, ಬೆವರು ನಿಂತು ಬಟ್ಟೆ ಮೊದಲು ಹರಿಯುವುದೇ ಅಲ್ಲಿ. ಸ್ಕೂಟರ್ ಹತ್ತುವವರಿಗೆ ಇನ್ನೊಂದು ಮಾತು. ಪಕ್ಕದ ಸ್ಲಿಟ್ ಶುರುವಾಗುವ ತುದಿಯಲ್ಲಿ ಒಳಗಿನಿಂದ ಬೆರಳಗಲದ ಅದೇ ಬಟ್ಟೆಯ ತುಂಡು ಇಟ್ಟು ಎರಡು ಸುತ್ತು ಹೊಲಿಸಿ. ಕಾಲೆತ್ತಿ ಕೂರುವಾಗ ಎಳೆತ ಬೀಳುವುದು ಆ ಒಂದು ಬಿಂದುವಿನ ಮೇಲೆ. ರೆಡಿಮೇಡ್ ಕುರ್ತಾಗಳಲ್ಲಿ ಈ ತುಂಡು ಅಪರೂಪ. ಬಟ್ಟೆ, ಹೊಲಿಗೆ ಸೇರಿ ಒಂದು ಕುರ್ತಾ ಸಾಮಾನ್ಯವಾಗಿ 700ರಿಂದ 1000 ರೂಪಾಯಿಯೊಳಗೆ ಮುಗಿಯುತ್ತದೆ. ಶಾಲೆ ಶುರುವಾಗುವಾಗ ಟೇಲರ ಬಳಿ ಯೂನಿಫಾರ್ಮಿನ ರಾಶಿ, ಚೌತಿ-ದೀಪಾವಳಿಗೆ ಹಬ್ಬದ ರಾಶಿ ಇರುತ್ತದೆ. ಫೆಬ್ರುವರಿ-ಮಾರ್ಚಿನಲ್ಲಿ ಕೊಟ್ಟರೆ ಅವರೂ ಸಮಾಧಾನದಲ್ಲಿ ಹೊಲಿದುಕೊಡುತ್ತಾರೆ.

ಕಾರವಾರದ ಭಾನುವಾರದ ಸಂತೆಯಲ್ಲಿ ಲೆಗ್ಗಿಂಗ್ಸ್, ಒಳಲಂಗ, ಸ್ಲಿಪ್, ವೇಲ್ ಕೊಳ್ಳಲು ಹಿಂಜರಿಕೆ ಬೇಡ. ಕುರ್ತಾವಾದರೆ ಪರೀಕ್ಷೆ ಮಾಡಿಯೇ ಕೊಳ್ಳಿ. ಬಿಳಿ ಕರವಸ್ತ್ರ ಒದ್ದೆಮಾಡಿ ಒಳಮಗ್ಗುಲಿಗೆ ತಿಕ್ಕಿ, ಬಣ್ಣ ಹತ್ತಿದರೆ ಅಲ್ಲಿಯೇ ಬಿಡಿ. ಮರದ ತಿರುಳಿನಿಂದ ಮಾಡುವ ರೇಯಾನನ್ನು ಕಾಟನ್ ಎಂದು ಮಾರುವುದುಂಟು. ಅಂಚಿನಿಂದ ಎಳೆ ಕಿತ್ತು ಸುಟ್ಟರೆ ಎರಡೂ ಕಾಗದದ ವಾಸನೆಯೇ ಬರುವುದರಿಂದ ಗೊತ್ತಾಗದು; ಎಳೆಯನ್ನು ಒದ್ದೆಮಾಡಿ ಎಳೆಯಿರಿ. ರೇಯಾನ್ ನೀರು ತಾಗಿದೊಡನೆ ಬಲ ಕಳೆದುಕೊಂಡು ಸುಲಭವಾಗಿ ತುಂಡಾಗುತ್ತದೆ, ಹತ್ತಿ ತಡೆಯುತ್ತದೆ. ಟ್ರಯಲ್ ರೂಮ್ ಇರುವುದಿಲ್ಲವಾದ್ದರಿಂದ ಸರಿಯಾಗಿ ಕೂರುವ ಹಳೆಯ ಕುರ್ತಾ ಒಯ್ದು ಮೇಲಿಟ್ಟು ಅಳೆಯಿರಿ. ಆಷಾಢದ ರಿಯಾಯಿತಿ ಮಾರಾಟದಲ್ಲಿ ಮಡಿಕೆ ಬಿಚ್ಚಿ ಬೆಳಕಿಗೆ ಹಿಡಿಯಿರಿ, ಗಾಜಿನೊಳಗೆ ತೂಗಿಸಿಟ್ಟ ಪೀಸುಗಳ ಭುಜ ಬಿಸಿಲಿಗೆ ಮಾಸಿರುತ್ತದೆ.

ಸೀರೆಗೆ ಮಾತ್ರ ಹುಬ್ಬಳ್ಳಿಯೇ ಸರಿ. 2023ರ ಜೂನ್ 11ರಿಂದ ಶಕ್ತಿ ಯೋಜನೆಯಲ್ಲಿ ಸರ್ಕಾರಿ ಸಾಮಾನ್ಯ ಬಸ್ಸು ಹೆಂಗಸರಿಗೆ ಉಚಿತವಾದ ಮೇಲೆ ಕಾರವಾರದಿಂದ ಅರಬೈಲ್ ಘಟ್ಟ ಹತ್ತಿ ಹೋಗುವುದೂ ಶಿರಸಿಯಿಂದ ಹೋಗುವುದೂ ಲೆಕ್ಕಕ್ಕೆ ಹೊಂದುತ್ತದೆ. ದುರ್ಗದಬೈಲ್ ಸುತ್ತಿನ ಅಂಗಡಿಗಳಲ್ಲಿ ದಿನಬಳಕೆಯ ಕಾಟನ್, ಇಳಕಲ್ ಸೀರೆ, ಖಣದ ಬ್ಲೌಸ್‌ಪೀಸ್ ಆಯ್ದುಕೊಳ್ಳುವಷ್ಟು ಸಿಗುತ್ತವೆ. ಗೋವಾದ ಮಡಗಾಂವ್ ಕಾರವಾರಕ್ಕೆ ಹತ್ತಿರವಾದರೂ ಉಚಿತ ಪ್ರಯಾಣ ರಾಜ್ಯದ ಗಡಿಯವರೆಗೆ ಮಾತ್ರ.

ಆನ್‌ಲೈನಿನಲ್ಲಿ ನಾವು ಪ್ಯಾಂಟ್ ಬಿಟ್ಟು ಬೇರೆಯದನ್ನು ಶಿಫಾರಸು ಮಾಡುವುದಿಲ್ಲ. ಅಳತೆಪಟ್ಟಿಯಲ್ಲಿ ಕೊಟ್ಟಿರುವುದು ಮೈಯಳತೆಯೋ ಬಟ್ಟೆಯ ಅಳತೆಯೋ ಎಂದು ಮೊದಲು ನೋಡಿ. ಬಟ್ಟೆಯದಾದರೆ ನಿಮ್ಮ ಸೊಂಟದ ಕೆಳಗಿನ ಸುತ್ತಳತೆಗಿಂತ ಎರಡಿಂಚು ಹೆಚ್ಚಿರಲಿ. ನಿಮ್ಮ ಪಿನ್‌ಕೋಡ್ ಹಾಕಿ, ಮನೆಗೆ ಬಂದು ವಾಪಸ್ ಒಯ್ಯುತ್ತಾರೆಯೇ ಎಂಬುದನ್ನೂ ಖಚಿತಮಾಡಿಕೊಳ್ಳಿ. ಕಾರವಾರ ಪೇಟೆಯ 581301ಕ್ಕೆ ಇರುವ ಸೌಲಭ್ಯ ಒಳಗಿನ ಹಳ್ಳಿಗೆ ಇರಲೇಬೇಕೆಂದಿಲ್ಲ. ಬಂದ ದಿನವೇ ಟ್ಯಾಗ್ ಕೀಳದೆ ತೊಟ್ಟು, ಕುರ್ಚಿಯಲ್ಲಿ ಕೂತು, ಬಗ್ಗಿ ನೋಡಿ.

ಮಳೆಗಾಲದ ಜೊತೆಗಳನ್ನು ಬೇರೆಯಾಗಿಯೇ ಇಡಬೇಕು. ಪಾಲಿ-ಕಾಟನ್ ಅಥವಾ ಕ್ರೇಪ್, ಗಾಢ ಬಣ್ಣ, ಕಣಕಾಲಿಗಿಂತ ಮೇಲೆ ನಿಲ್ಲುವ ಪ್ಯಾಂಟ್. ರೇಯಾನ್ ನೀರು ಕುಡಿದು ಜೋತುಬೀಳುತ್ತದೆ, ಬೇಗ ಒಣಗುವುದೂ ಇಲ್ಲ. ಶಿರಸಿ ಕಡೆ ಬಚ್ಚಲ ಒಲೆಯ ಮೇಲಿನ ಹಗ್ಗಕ್ಕೆ ಹಾಕಿದರೆ ಹೊಗೆ ವಾಸನೆ ಆಫೀಸಿನವರೆಗೂ ಬರುತ್ತದೆ, ಫ್ಯಾನಿನ ಕೆಳಗೆ ಒಣಗಿಸಿ ಒಳಮಗ್ಗುಲಿನಿಂದ ಇಸ್ತ್ರಿ ಮಾಡುವುದೇ ಲೇಸು. ಗಂಜಿ ಹಾಕಿದ ಕಾಟನ್ ಸೀರೆಯನ್ನು ಮೇ ಮುಗಿಯುವುದರೊಳಗೆ ಒಗೆದು ಗಂಜಿ ಬಿಡಿಸಿಯೇ ಕಪಾಟಿಗೆ ಸೇರಿಸಿ, ಬೂಷ್ಟು ಮೊದಲು ಹಿಡಿಯುವುದು ಗಂಜಿಯನ್ನು. ಪ್ಯಾಂಟಿನ ಅಂಚಿಗೆ ಕೆಂಪು ಮಣ್ಣು ಸಿಡಿದರೆ ಒದ್ದೆಯಿರುವಾಗ ಉಜ್ಜಬೇಡಿ. ಒಣಗಿದ ಮೇಲೆ ಕೊಡವಿ, ಬ್ರಷ್ ಮಾಡಿ, ಆಮೇಲೆ ಸೋಪು ಹಾಕಿ. ಬ್ಲೀಚ್ ಅಂತೂ ಮುಟ್ಟಲೇಬೇಡಿ. ಆ ಮಣ್ಣಿನಲ್ಲಿರುವುದು ಕಬ್ಬಿಣದ ತುಕ್ಕು, ಬ್ಲೀಚ್ ತಾಗಿದರೆ ಕಲೆ ಇನ್ನಷ್ಟು ಕೂರುತ್ತದೆ. ಉಳಿದ ಕಲೆಗೆ ನಿಂಬೆರಸ ಹಚ್ಚಿ ಅರ್ಧ ಗಂಟೆ ಬಿಟ್ಟು ತೊಳೆಯಿರಿ, ಆದರೆ ಬಣ್ಣದ ಬಟ್ಟೆಯಾದರೆ ಮೊದಲು ಒಳಮಡಿಕೆಯಲ್ಲಿ ಒಂದು ಹನಿ ಹಾಕಿ ಪರೀಕ್ಷಿಸಿ.