ವಾಲ್ವಿನದೊಂದು, ಐಸಿಯದೊಂದು, ಸ್ಪ್ರಿಂಗೇ ಇಲ್ಲದ್ದೊಂದು

ಗಿಟಾರ್‌ಗೆ ರಿವರ್ಬ್ ಪೆಟ್ಟಿಗೆ, ಅಂದರೆ ಸ್ವರಕ್ಕೆ ಅನುರಣನ ಕೊಡುವ ಪೆಟ್ಟಿಗೆ, ಕಟ್ಟುತ್ತಿದ್ದೇನೆ ಎಂದರೆ ವಿಜಯಪುರದಲ್ಲಿ ಎಲ್ಲರದೂ ಒಂದೇ ಪ್ರಶ್ನೆ: ‘ಗೋಳಗುಮ್ಮಟ ಇರುವಾಗ ಅದೇಕೆ?’ ಗುಮ್ಮಟದಲ್ಲಿ ಚಪ್ಪಾಳೆ ತಟ್ಟಿದರೆ ಅದು ಬಿಡಿಬಿಡಿಯಾಗಿ, ಬೆರಳು ಮಡಚಿ ಎಣಿಸುವಂತೆ ಮರಳಿ ಬರುತ್ತದೆ. ಅದು ಪ್ರತಿಧ್ವನಿ. ನನಗೆ ಬೇಕಾಗಿದ್ದದ್ದು ಎಣಿಕೆಗೆ ಸಿಗದ ಸದ್ದು. ಸ್ವರದ ಬೆನ್ನಿಗೇ ಕೊಡದೊಳಗೆ ನೀರು ತೊಟ್ಟಿಕ್ಕಿದಂತೆ ಕೇಳುವಂಥದ್ದು. ಅದು ಹುಟ್ಟುವುದು ಸ್ಪ್ರಿಂಗಿನಲ್ಲಿ.

ಹಾಗಾಗಿ ಮೂರು ಕಿಟ್‌ಗಳನ್ನು ಕಟ್ಟಿದೆ. ಮೊದಲು ಮುಗಿದದ್ದು ‘ಬೆಲ್ಟನ್ ಇಟ್ಟಿಗೆ’ ಎಂಬ ಸಿದ್ಧ ರಿವರ್ಬ್ ಬಿಡಿಭಾಗದ ಪೆಡಲ್. ಬೆಂಕಿಪೊಟ್ಟಣದಷ್ಟು ದೊಡ್ಡ ಆ ಇಟ್ಟಿಗೆಯೊಳಗೆ ಸದ್ದನ್ನು ತಡಮಾಡಿ ಮರಳಿಸುವ ಪಿಟಿ2399 ಎಂಬ ಮೂರು ಡಿಲೇ ಚಿಪ್‌ಗಳಿವೆ, ಸ್ಪ್ರಿಂಗ್ ಇಲ್ಲ. ಒಂದು ಸಂಜೆಯ ಕೆಲಸ. ಸದ್ದು ಹಿತವಾಗಿದೆ, ತೊಟ್ಟಿಕ್ಕುವುದಿಲ್ಲ. ಬಸ್ಸಿನಲ್ಲಿ ಒಯ್ಯಲು ಇದಕ್ಕಿಂತ ಒಳ್ಳೆಯದಿಲ್ಲ. ಇದರ ಬಗ್ಗೆ ಇಷ್ಟು ಸಾಕು.

ವಾಲ್ವಿನ ಕಿಟ್ ಫೆಂಡರ್ ಕಂಪನಿ 1961ರಲ್ಲಿ ತಂದ 6ಜಿ15 ಪೆಟ್ಟಿಗೆಯ ಪ್ರತಿರೂಪ. 12ಎಟಿ7, 6ಕೆ6, 12ಎಎಕ್ಸ್7 ಎಂಬ ಮೂರು ವಾಲ್ವ್‌ಗಳು, ಅಂದರೆ ಸದ್ದನ್ನು ಹಿಗ್ಗಿಸುವ ಗಾಜಿನ ನಿರ್ವಾತ ನಳಿಕೆಗಳು. ಡ್ವೆಲ್, ಮಿಕ್ಸರ್, ಟೋನ್ ಎಂಬ ಮೂರು ತಿರುಗಿಸುವ ಗುಂಡಿಗಳು. ಇದರ ಮಜಾ ಇರುವುದು ಡ್ವೆಲ್‌ನಲ್ಲಿ: ಸ್ಪ್ರಿಂಗಿಗೆ ಎಷ್ಟು ಜೋರಾಗಿ ಹೊಡೆಯಬೇಕು ಎಂದು ನಿರ್ಧರಿಸುವುದು ಅದೇ. ಇದು ನನ್ನ ಗಿಟಾರಿಗಿಂತ ದುಬಾರಿಯಾಯಿತು ಎಂಬುದನ್ನು ಮನೆಯಲ್ಲಿ ಇನ್ನೂ ಹೇಳಿಲ್ಲ.

ಅದರ ಜೊತೆ ಬಂದ ಟ್ರಾನ್ಸ್‌ಫಾರ್ಮರ್ ಅಮೆರಿಕದ 120 ವೋಲ್ಟಿನದು. ನಮ್ಮ ಗೋಡೆಯಲ್ಲಿರುವುದು 230. ಮಾರಿದವರು ತುಟಿ ಬಿಚ್ಚಿರಲಿಲ್ಲ. ಮೇಲಿನ ಚೀಟಿ ಓದಿದ್ದರಿಂದ ಬಚಾವಾದೆ. ಬೇರೆಯದನ್ನು ತರಿಸಿ, ವೈರಿಂಗ್ ಕೆಲಸದವರು ಮಾಡುವಂತೆ ಕರೆಂಟ್ ಬರುವ ದಾರಿಯಲ್ಲಿ ಸೀರೀಸ್ ಬಲ್ಬ್ ಹಾಕಿ ಮೊದಲ ಸಲ ಸ್ವಿಚ್ ಒತ್ತಿದೆ. ಬಲ್ಬ್ ಒಮ್ಮೆ ಮಿನುಗಿ ಮಂಕಾಗಬೇಕು. ಅದು ದೀಪಾವಳಿಯಂತೆ ಉರಿಯುತ್ತಲೇ ಇತ್ತು, ಅಂದರೆ ಒಳಗೆ ಕರೆಂಟ್ ಮಿತಿಮೀರಿ ಹರಿಯುತ್ತಿತ್ತು. ಒಂದು ಫಿಲ್ಟರ್ ಕೆಪಾಸಿಟರನ್ನು ತಿರುಗಾಮುರುಗಾ ಬೆಸೆದಿದ್ದೆ. ಒಳಗೆ 300 ವೋಲ್ಟಿಗೂ ಹೆಚ್ಚು ಇರುತ್ತದೆ; ಪ್ಲಗ್ ಕಿತ್ತ ಮೇಲೂ ಕೆಪಾಸಿಟರ್ ಅದನ್ನು ಹಿಡಿದಿಟ್ಟುಕೊಳ್ಳುತ್ತದೆ. ರೆಸಿಸ್ಟರ್ ಮೂಲಕ ಇಳಿಸಿ, ಮೀಟರ್ ಸೊನ್ನೆ ತೋರಿಸಿದ ಮೇಲೆಯೇ ಕೈ ಹಾಕುತ್ತೇನೆ.

ವಾಲ್ವಿನ ಬದಲು ಸಣ್ಣ ಚಿಪ್ ಇರುವ ಐಸಿಯ ಕಿಟ್‌ನಲ್ಲಿ ಇಂಥ ಪ್ರಾಣಭಯವಿಲ್ಲ. ಆದರೆ ಅಲ್ಲಿ ನಾನೇ ಜಾಣತನ ಮಾಡಲು ಹೋದೆ: ವಾಲ್ವಿನದಕ್ಕೆ ತಂದಿದ್ದ 4ಎಬಿ3ಸಿ1ಬಿ ಟ್ಯಾಂಕನ್ನೇ (ಸ್ಪ್ರಿಂಗ್‌ಗಳಿರುವ ತಗಡಿನ ಪೆಟ್ಟಿಗೆ) ಇದಕ್ಕೂ ಚುಚ್ಚಿದೆ. ಸದ್ದು ಬಾವಿಯ ತಳದಿಂದ ಬಂದಂತೆ ಕ್ಷೀಣವಾಗಿತ್ತು. ಆ ಸಂಕೇತದ ಮೊದಲ ‘ಎ’ ಎಂದರೆ 8 ಓಮ್ ಇನ್‌ಪುಟ್; 6ಕೆ6 ತನ್ನ ಟ್ರಾನ್ಸ್‌ಫಾರ್ಮರ್ ಮೂಲಕ ಅದನ್ನು ಕುಣಿಸುತ್ತದೆ, ಸಣ್ಣ ಐಸಿಗೆ ಅಷ್ಟು ಕರೆಂಟ್ ಒದಗಿಸುವ ಶಕ್ತಿ ಇಲ್ಲ. ಅದೇ ಜಾಗದಲ್ಲಿ ‘ಇ’ ಇರುವ 600 ಓಮ್ ಟ್ಯಾಂಕ್ ಹಾಕಿದ ಮೇಲೆ ಎನ್‌ಇ5532 ಐಸಿ ಲೀಲಾಜಾಲವಾಗಿ ಕೆಲಸ ಮಾಡಿತು.

ಅಕ್ಕಪಕ್ಕ ಇಟ್ಟು ಕೇಳಿದ ದಿನ ನನ್ನ ಕಣ್ಣಿಗೆ ಟವೆಲ್ ಕಟ್ಟಿ ತಮ್ಮ ಪ್ಲಗ್ ಬದಲಿಸುತ್ತಿದ್ದ. ಸ್ಪ್ರಿಂಗಿಗೆ ಮೆಲ್ಲಗೆ ಹೊಡೆದಾಗ ಎರಡರ ನಡುವೆ ನನಗೆ ವ್ಯತ್ಯಾಸವೇ ಗೊತ್ತಾಗಲಿಲ್ಲ. ಎರಡು ಸಲ ಐಸಿಯನ್ನೇ ವಾಲ್ವ್ ಎಂದೆ. ನಾಚಿಕೆಯಾಯಿತು, ಖರ್ಚು ನೆನಪಾಯಿತು. ಡ್ವೆಲ್ ಅರ್ಧ ದಾಟಿದ ಮೇಲೆ ಮಾತ್ರ ಕಥೆ ಬೇರೆ. ದಪ್ಪ ತಂತಿಯನ್ನು ಅಂಗೈಯಿಂದ ಒತ್ತಿ ಚುಟುಕಾಗಿ ಮೀಟಿದಾಗ ವಾಲ್ವಿನದು ‘ಟಪಕ್’ ಎಂದು ಸಿಡಿದು, ಬಾಲ ಮಾತ್ರ ಮೃದುವಾಗಿ ಕರಗುತ್ತದೆ. ಐಸಿಯದು ಅದೇ ಹೊಡೆತಕ್ಕೆ ತಗಡು ಗೀಚಿದಂತೆ ಕರಕರ ಎನ್ನುತ್ತದೆ.

ಎರಡಕ್ಕೂ ಸಮಾನವಾದ ಪೀಡೆಗಳಿವೆ. ಟ್ಯಾಂಕ್ ಟ್ರಾನ್ಸ್‌ಫಾರ್ಮರಿನ ಹತ್ತಿರವಿದ್ದರೆ ಗುಂಯ್‌ಗುಡುತ್ತದೆ. ಅದರ ಔಟ್‌ಪುಟ್ ತುದಿಯನ್ನು ದೂರಕ್ಕೆ ತಿರುಗಿಸಬೇಕು. ಮಂಚದ ಮೇಲಿಟ್ಟಿದ್ದಾಗ ಅಜ್ಜಿ ಧೊಪ್ಪನೆ ಕೂತರೆ ಸ್ಪೀಕರಿನಲ್ಲಿ ಗುಡುಗು ಬಂತು. ಕರೆಂಟ್ ಹೋಗಿ ಬಂದಾಗಲೆಲ್ಲ ವಾಲ್ವ್‌ಗಳು ಕಾಯುವವರೆಗೆ ಕಾಯುವುದು ವಾಲ್ವಿನದಕ್ಕೆ ಮಾತ್ರ ಇರುವ ಕಾಟ. ಮೇ ತಿಂಗಳ ಮಧ್ಯಾಹ್ನ ಅದರ ಪಕ್ಕ ಕೂರುವುದೂ ಒಂದು ತಪಸ್ಸು.

ಮೆಲ್ಲಗೆ ನುಡಿಸುವವರು ಐಸಿಯದನ್ನೇ ಕಟ್ಟಲಿ, ಟ್ಯಾಂಕಿನ ಅಕ್ಷರ ನೋಡಿ ಕೊಳ್ಳಲಿ. ನನ್ನದು ಹೊಡೆಯುವ ಕೈ, ವಾಲ್ವಿನದನ್ನು ಬಿಡಲಾಗಲಿಲ್ಲ. ಮೊನ್ನೆ 6ಕೆ6 ತೆಗೆದು ಅದೇ ಸಾಕೆಟ್ಟಿಗೆ 6ವಿ6 ಹಾಕಿ ನೋಡಿದೆ. ಸದ್ದು ಇನ್ನೂ ದಪ್ಪಗಾಯಿತು, ಟಪಕ್ ಮಂಕಾಯಿತು. ಹಳೆಯದನ್ನೇ ಮತ್ತೆ ಕೂರಿಸಿದ್ದೇನೆ.