ಮಗುವಿನ ತೊಡೆಮೂಳೆ ಆಪರೇಷನ್ನಿಗೆ ಸಹಿ ಹಾಕೋ ಮುಂಚೆ ಓದಿ

"ಸಣ್ಣ ಆಪರೇಷನ್ ಸಾರ್, ಆರು ವಾರ ಪ್ಲಾಸ್ಟರ್, ಆಮೇಲೆ ಓಡಾಡ್ಕೊಂಡಿರ್ತಾನೆ." ನಮ್ಮ ಏಳು ವರ್ಷದ ಹುಡುಗ, ಬಲಗಡೆ ಸೊಂಟಕ್ಕೆ ಪೆರ್ಥೆಸ್, ಅಂದ್ರೆ ತೊಡೆಮೂಳೆಯ ಮೇಲ್ತುದಿಯ ಗುಂಡಿಗೆ ರಕ್ತ ಸಾಲದೆ ಹೋಗೋ ಮಕ್ಕಳ ಕಾಯಿಲೆ. ಆಸ್ಪತ್ರೆ ಹೆಸರು ಬೇಡ. ಅಲ್ಲಿಯವರು ಹೇಳಿದ್ದು ಇಷ್ಟೇ. ಇಷ್ಟೇ!

ಹೇಳದೇ ಬಿಟ್ಟಿದ್ದು ಕೇಳಿ. ರಕ್ತ ಸಾಲದೆ ಮೆತ್ತಗಾದ ಮೂಳೆಯ ಗುಂಡು ಸೊಂಟದ ಗುಂಡಿಯೊಳಗೇ ಕೂತು ದುಂಡಗೆ ಬೆಳೀಲಿ ಅಂತ ತೊಡೆಮೂಳೆಯನ್ನ ಮೇಲ್ಗಡೆ ಕತ್ತರಿಸಿ, ಸಾಮಾನ್ಯವಾಗಿ 15ರಿಂದ 20 ಡಿಗ್ರಿ ಬಾಗಿಸಿ, ಪ್ಲೇಟು ಸ್ಕ್ರೂ ಹಾಕ್ತಾರೆ. ಬಾಗಿಸಿದ ಮೇಲೆ ಕಾಲು ಗಿಡ್ಡ ಆಗೇ ಆಗುತ್ತೆ. ಸೊಂಟದ ಪಕ್ಕದ ಸ್ನಾಯುವಿನ ಬಿಗಿ ಹೋಗಿ ನಡೆಯುವಾಗ ಮೈ ವಾಲುತ್ತೆ. ಚಿಕ್ಕವರಲ್ಲಿ ಬೆಳೀತಾ ಎಷ್ಟೋ ಸರಿಹೋಗುತ್ತೆ, ದೊಡ್ಡವರಾದಷ್ಟೂ ಆ ಭರವಸೆ ಕಡಿಮೆ. ಮೂಳೆಯ ಕತ್ತಿನ ಕೋನ (ಗುಂಡು ಹೊತ್ತ ಕತ್ತು ಉದ್ದ ಮೂಳೆಗೆ ಕೂಡೋ ಕಡೆಯ ಕೋನ) 110 ಡಿಗ್ರಿಗಿಂತ ಕೆಳಗಿಳಿದರೆ ಕುಂಟು ಉಳಿಯೋ ಭಯ ಜಾಸ್ತಿ.

ಇದೆಲ್ಲ ತಿಳಿದಿದ್ದು ಪ್ಲಾಸ್ಟರ್ ಬಿಚ್ಚಿ ಹುಡುಗ ವಾಲಾಡ್ತಾ ಹೆಜ್ಜೆ ಇಟ್ಟಾಗ. "ಒಂದೂವರೆ ಸೆಂಟಿಮೀಟರ್ ತಾನೇ, ಶೂ ಒಳಗೆ ಹೀಲ್ ಹಾಕಿಸಿ."
"ಮೊದಲೇ ಯಾಕೆ ಹೇಳಲಿಲ್ಲ?"
"ಫಾರ್ಮಲ್ಲಿದೆ. ನೀವೇ ಸಹಿ ಹಾಕಿದೀರಲ್ಲ."
ಫಾರ್ಮು ಪೂರ್ತಿ ಇಂಗ್ಲಿಷು. ಸಹಿ ಹಾಕಿಸಿದ್ದು ಥಿಯೇಟರ್ ಬಾಗಿಲಲ್ಲಿ, ಮಗುವಿಗೆ ಡ್ರಿಪ್ ಚುಚ್ಚಿ ಆದ ಮೇಲೆ. ಆಗ ಯಾರು ಓದ್ತಾರೆ? ಓದದೆ ಹಾಕಿದ್ದು ನಮ್ಮದೇ ದಡ್ಡತನ, ಒಪ್ತೀವಿ.

ಅಷ್ಟಕ್ಕೇ ಮುಗೀಲಿಲ್ಲ. "ವರ್ಷ ಬಿಟ್ಟು ಬನ್ನಿ, ಪ್ಲೇಟ್ ತೆಗೀಬೇಕು." ಪ್ಯಾಕೇಜಲ್ಲಿ ಬರಲ್ವಾ? "ಅದು ಬೇರೆ ಆಪರೇಷನ್ ಅಮ್ಮಾ, ಎಲ್ಲರಿಗೂ ಗೊತ್ತಿರೋದೇ." ಎಲ್ಲರಿಗೂ ಅಂದ್ರೆ ಯಾರಿಗೆ ರೀ? ತಡ ಮಾಡಿದ್ರೆ ಪ್ಲೇಟಿನ ಮೇಲೆ ಮೂಳೆ ಬೆಳೆದು ಸ್ಕ್ರೂ ಕಚ್ಕೊಳ್ಳುತ್ತೆ. ತೆಗೆದ ಮೇಲೂ ಸ್ಕ್ರೂ ತೂತು ತುಂಬೋವರೆಗೆ ಕೆಲವು ವಾರ ಓಟ, ಜಿಗಿತ ಇಲ್ಲ.

ಕಾಲು ಅಗಲಿಸಿ ಒಳಕ್ಕೆ ತಿರುಗಿಸಿ ತೆಗೆದ ಎಕ್ಸ್‌ರೇ ಮೊದಲು ಕೇಳಿ. ಬಾಗಿಸಿದ ಮೇಲೆ ಗುಂಡು ಹೇಗೆ ಕೂರಬಹುದು ಅಂತ ಅದರಲ್ಲೇ ಕಾಣೋದು. ಅದರಲ್ಲಿ ಗುಂಡು ಗುಂಡಿಯೊಳಗೆ ಸರಿಯಾಗಿ ಕೂರದಿದ್ದರೆ ಮೂಳೆ ಬಾಗಿಸಿ ಏನು ಬಂತು? ಎಷ್ಟು ಡಿಗ್ರಿ, ಎಷ್ಟು ಗಿಡ್ಡ, ಪ್ಲೇಟ್ ತೆಗೆಯೋದಕ್ಕೆ ಎಷ್ಟು, ಮೂರನ್ನೂ ಬರೆಸ್ಕೊಳ್ಳಿ. ಸೊಂಟದಿಂದ ಪಾದದವರೆಗಿನ ಪ್ಲಾಸ್ಟರಲ್ಲಿ ಒಂದಕ್ಕೆ ಎರಡಕ್ಕೆ ಹೇಗೆ ಮಾಡಿಸೋದು ಅಂತ ನರ್ಸ್ ಕೈಲಿ ಮಾಡಿಸಿ ನೋಡ್ಕೊಳ್ಳಿ, ಬಾಯಲ್ಲಿ ಹೇಳಿದ್ದು ಸಾಲಲ್ಲ. ಬೆರಳು ನೀಲಿಯಾದ್ರೆ, ಒಳಗಿಂದ ಕೆಟ್ಟ ವಾಸನೆ ಬಂದ್ರೆ ಬೆಳಗಾಗಲಿ ಅಂತ ಕಾಯಬೇಡಿ.

ಪ್ಲೇಟು ಸ್ಕ್ರೂಗಳ ಸ್ಟಿಕ್ಕರ್ ಅಂಟಿಸಿದ ಪುಟದ ಜೆರಾಕ್ಸ್ ಡಿಸ್ಚಾರ್ಜ್ ದಿನವೇ ತಗೊಳ್ಳಿ. ಯಾವ ಕಂಪನಿ, ಯಾವ ಸೈಜು ಗೊತ್ತಿಲ್ಲದಿದ್ರೆ ಬೇರೆ ಆಸ್ಪತ್ರೆಯವರು ಯಾವ ಸ್ಕ್ರೂಡ್ರೈವರ್ ತರಿಸಬೇಕು? ನಮ್ಮ ಫೈಲಲ್ಲಿ ಆ ಪುಟವೇ ಇಲ್ಲ. ಮೂರು ಸಲ ಕೇಳಾಯ್ತು. "ಹುಡುಕ್ತಿದೀವಿ ಸಾರ್" ಅಂತಾರೆ.