ಫೆಟ್ ಸಿಮ್ಯುಲೇಶನ್‌ಗಳು: ಕೊಪ್ಪಳದ ಹೈಸ್ಕೂಲಿನಲ್ಲಿ ಕೆಲವು ವರ್ಷ ಬಳಸಿದ ಮೇಲೆ

ಕೊಪ್ಪಳ ತಾಲೂಕಿನ ಸರ್ಕಾರಿ ಹೈಸ್ಕೂಲೊಂದರಲ್ಲಿ ನಾನು ವಿಜ್ಞಾನ ಕಲಿಸುತ್ತೇನೆ. ಲಾಕ್‌ಡೌನ್ ಮುಗಿದು ಶಾಲೆ ತೆರೆದಾಗಿನಿಂದ ಎಂಟು, ಒಂಬತ್ತು, ಹತ್ತನೇ ತರಗತಿಗಳಲ್ಲಿ ಫೆಟ್ ಸಿಮ್ಯುಲೇಶನ್‌ಗಳನ್ನು, ಅಂದರೆ ಕಂಪ್ಯೂಟರ್ ತೆರೆಯ ಮೇಲೆ ಮಾಡಿ ನೋಡುವ ವಿಜ್ಞಾನದ ಪ್ರಯೋಗಗಳನ್ನು, ಬಳಸುತ್ತಿದ್ದೇನೆ. ಈ ನಡುವೆ ತುಂಬ ಆ್ಯಪ್‌ಗಳು ಬಂದವು, ಹೋದವು. ನಾನು ಬಿಡದೆ ಇಟ್ಟುಕೊಂಡದ್ದು ಇದನ್ನು.

ಇದು ಅಮೆರಿಕದ ಕೊಲೊರಾಡೊ ಬೌಲ್ಡರ್ ವಿಶ್ವವಿದ್ಯಾಲಯದ ಕೆಲಸ. 2001ರಲ್ಲಿ ಭೌತವಿಜ್ಞಾನದ ನೊಬೆಲ್ ಪಡೆದ ಕಾರ್ಲ್ ವೀಮನ್ ಅದರ ಮರುವರ್ಷ ಶುರು ಮಾಡಿದರು. ಜಾಲತಾಣದಲ್ಲಿ ಪೂರ್ತಿ ಉಚಿತ. ಜಾಹೀರಾತು ಇಲ್ಲ. ಮಕ್ಕಳು ಲಾಗಿನ್ ಆಗುವ ರಗಳೆಯೂ ಇಲ್ಲ. ನಮ್ಮಂಥ ಊರಿಗೆ ಮುಖ್ಯವಾದದ್ದು ಬೇರೆಯೇ ಇದೆ: ಹೊಸ ಮಾದರಿಯ ಸಿಮ್ಯುಲೇಶನ್‌ಗಳನ್ನು ಒಂದೊಂದೇ ಫೈಲ್ ಆಗಿ ಇಳಿಸಿಕೊಳ್ಳಬಹುದು. ಆಮೇಲೆ ನೆಟ್ ಬೇಡ. ಲ್ಯಾಪ್‌ಟಾಪಿನ ಬ್ರೌಸರ್‌ನಲ್ಲಿ ತೆರೆದುಕೊಳ್ಳುತ್ತವೆ. ನನ್ನ ಪೆನ್‌ಡ್ರೈವ್‌ನಲ್ಲಿ ಒಂದು ವರ್ಷದ ಪಾಠಕ್ಕೆ ಬೇಕಾದಷ್ಟು ಇವೆ, ಇನ್ನೂ ಜಾಗ ಉಳಿದಿದೆ. ಹಳೆಯ ಜಾವಾ ಮತ್ತು ಫ್ಲ್ಯಾಶ್ ಮಾದರಿಯವನ್ನು ಮಾತ್ರ ಬಿಟ್ಟುಬಿಡಿ. ಫ್ಲ್ಯಾಶ್ 2020ರ ಕೊನೆಗೇ ನಿಂತುಹೋಗಿದೆ.

ಇನ್ನು ಪಾಠದ ವಿಷಯ. ವಿದ್ಯುತ್ ಪಾಠಕ್ಕೆ ಇದಕ್ಕಿಂತ ಒಳ್ಳೆಯ ಜೊತೆ ನನಗೆ ಸಿಕ್ಕಿಲ್ಲ. ಹತ್ತನೇ ತರಗತಿಯಲ್ಲಿ ಪ್ರತಿ ವರ್ಷ ಒಂದು ಪ್ರಶ್ನೆ ಕೇಳುತ್ತೇನೆ: ಬಲ್ಬಿಗೆ ಹೋಗುವ ಕರೆಂಟ್ ಜಾಸ್ತಿಯೋ, ಬಲ್ಬಿನಿಂದ ಹೊರಬರುವ ಕರೆಂಟ್ ಜಾಸ್ತಿಯೋ? ಅರ್ಧಕ್ಕಿಂತ ಹೆಚ್ಚು ಮಕ್ಕಳು "ಹೋಗೋದು ಜಾಸ್ತಿರಿ ಸರ್, ಬಲ್ಬಿನಾಗ ಖರ್ಚಾಗತೈತಲ್ರಿ" ಅನ್ನುತ್ತಾರೆ. ಓಮ್‌ನ ನಿಯಮದ ಲೆಕ್ಕವನ್ನು ಸರಿಯಾಗಿ ಬಿಡಿಸುವ ಹುಡುಗಿಯೂ ಹಾಗೇ ಅನ್ನುತ್ತಾಳೆ. ಇದನ್ನು ಬಾಯಿಮಾತಿನಲ್ಲಿ ಸರಿಪಡಿಸಲು ಆಗುವುದಿಲ್ಲ. ಪುಸ್ತಕದ ಚಿತ್ರ ಅಲುಗಾಡುವುದಿಲ್ಲ ಅಲ್ವಾ?

ಆಗ ಸರ್ಕಿಟ್ ಕಟ್ಟುವ ಸಿಮ್ಯುಲೇಶನ್ ತೆರೆಯುತ್ತೇನೆ. ಸೆಲ್, ತಂತಿ, ಬಲ್ಬ್ ಎಳೆದು ಜೋಡಿಸಿದರೆ ತಂತಿಯೊಳಗೆ ನೀಲಿ ಎಲೆಕ್ಟ್ರಾನ್‌ಗಳು ಸಾಲಾಗಿ ಹರಿಯುತ್ತವೆ. ಬಲ್ಬಿನ ಮುಂಚೆ ಯಾವ ವೇಗವೋ ನಂತರವೂ ಅದೇ ವೇಗ. ಎರಡೂ ಕಡೆ ಕರೆಂಟ್ ಅಳೆಯುವ ಅಮ್ಮೀಟರ್ ಇಟ್ಟರೆ ಒಂದೇ ಅಂಕಿ. ಮಕ್ಕಳು ಒಮ್ಮೆಗೇ ಒಪ್ಪುವುದಿಲ್ಲ. ಅಮ್ಮೀಟರ್ ಜಾಗ ಬದಲಿಸಿ ನೋಡುತ್ತಾರೆ, ಇನ್ನೊಂದು ಬಲ್ಬ್ ಸೇರಿಸುತ್ತಾರೆ. "ಹಂಗಾದ್ರ ಖರ್ಚಾಗೋದು ಏನ್ರಿ ಸರ್?" ಅನ್ನುವ ಪ್ರಶ್ನೆ ಅವರಿಂದಲೇ ಬರುತ್ತದೆ. ಶಕ್ತಿಯ ಪಾಠ ಅಲ್ಲಿಂದ ಶುರುವಾಗುತ್ತದೆ. ತಂತಿಯನ್ನು ಸೆಲ್‌ನ ಎರಡು ತುದಿಗೆ ನೇರ ಜೋಡಿಸಿದರೆ ಬೆಂಕಿ ಹತ್ತುವುದನ್ನೂ ತೋರಿಸುತ್ತದೆ. ಶಾರ್ಟ್ ಸರ್ಕಿಟ್ ಬಗ್ಗೆ ನಾನು ಅರ್ಧ ಗಂಟೆ ಮಾತಾಡಿದರೂ ಅಷ್ಟು ನಾಟುವುದಿಲ್ಲ.

ಒಂದು ಎಚ್ಚರಿಕೆ. ನಿಜವಾದ ತಂತಿಯಲ್ಲಿ ಎಲೆಕ್ಟ್ರಾನ್‌ಗಳು ಸರಿಯುವ ವೇಗ ಸೆಕೆಂಡಿಗೆ ಒಂದು ಮಿಲಿಮೀಟರ್‌ಗಿಂತ ಕಡಿಮೆ. ತೆರೆಯ ಮೇಲಿನ ಓಟವನ್ನು ಮಕ್ಕಳು ನಿಜವೆಂದೇ ಹಿಡಿಯುತ್ತಾರೆ. ಅದನ್ನು ಶಿಕ್ಷಕರೇ ಬಿಡಿಸಿ ಹೇಳಬೇಕು. ಹಾಗೇ, ಇದನ್ನು ತೋರಿಸಿದೆವು ಅಂತ ಲ್ಯಾಬ್ ಬೀರುವಿಗೆ ಬೀಗ ಹಾಕಬೇಡಿ. ಸಡಿಲ ತಂತಿ, ಸತ್ತ ಸೆಲ್, ಓಡದ ಮೀಟರ್ ಮುಳ್ಳು, ಇವೆಲ್ಲ ಮಕ್ಕಳ ಕೈಗೆ ಸಿಗಬೇಕು. ತೆರೆಯ ಮೇಲೆ ತಂತಿ ಎಂದೂ ಸಡಿಲ ಆಗುವುದಿಲ್ಲ. ನಾನು ಸಿಮ್ಯುಲೇಶನ್ ಆದ ಮರುದಿನವೇ ನಿಜವಾದ ಸೆಲ್, ಬಲ್ಬ್ ಕೊಡುತ್ತೇನೆ.

ನಮ್ಮ ಜಿಲ್ಲೆಯವರಿಗೆ ನಾನು ವಿಶೇಷವಾಗಿ ಹೇಳುವುದು ಫ್ಯಾರಡೆಯ ವಿದ್ಯುತ್ಕಾಂತೀಯ ಪ್ರಯೋಗಾಲಯ ಅನ್ನುವ ಸಿಮ್ಯುಲೇಶನ್ ಬಗ್ಗೆ. ಅದರಲ್ಲಿ ಒಂದು ನಲ್ಲಿ ಇದೆ. ನೀರು ಬಿಟ್ಟರೆ ಚಕ್ರ ತಿರುಗುತ್ತದೆ, ಚಕ್ರಕ್ಕೆ ಅಂಟಿದ ಕಾಂತ ತಿರುಗುತ್ತದೆ, ಪಕ್ಕದ ಸುರುಳಿಗೆ ಜೋಡಿಸಿದ ಬಲ್ಬ್ ಹತ್ತುತ್ತದೆ. ನೀರು ಜಾಸ್ತಿ ಮಾಡಿದರೆ ಬೆಳಕೂ ಜಾಸ್ತಿ. ಮುನಿರಾಬಾದಿನ ತುಂಗಭದ್ರಾ ಡ್ಯಾಮ್ ನೋಡದ ಮಕ್ಕಳು ನಮ್ಮಲ್ಲಿ ಕಡಿಮೆ. 2024ರ ಆಗಸ್ಟ್‌ನಲ್ಲಿ 19ನೇ ಗೇಟ್ ಕೊಚ್ಚಿಹೋದ ಮೇಲಂತೂ ಡ್ಯಾಮ್ ಅಂದರೆ ಇಡೀ ಕ್ಲಾಸು ಕಿವಿಗೊಡುತ್ತದೆ. ಅಲ್ಲಿನ ಪವರ್‌ಹೌಸ್ ಒಳಗೆ ನೀರು ಏನು ತಿರುಗಿಸುತ್ತದೆ ಅಂತ ಮೊದಲು ಕೇಳಿ, ಉತ್ತರಗಳನ್ನು ಬೋರ್ಡ್ ಮೇಲೆ ಬರೆದು, ಆಮೇಲೆ ನಲ್ಲಿ ತಿರುಗಿಸಿ. ಆ ಪಾಠ ನನಗೆ ಪ್ರತಿ ವರ್ಷ ಖುಷಿ ಕೊಡುತ್ತದೆ.

ಆಮ್ಲ, ಕ್ಷಾರ ಅಳೆಯುವ ಪಿಎಚ್ ಮಾಪಕದ ಸಿಮ್ಯುಲೇಶನ್‌ನಲ್ಲಿ ಹಾಲು, ರಕ್ತ, ಉಗುಳು ಎಲ್ಲ ಇವೆ. ಹುಣಸೆಹಣ್ಣು ಇಲ್ಲ. ಅದಕ್ಕೆ ಅರಿಶಿನದ ಕಾಗದ, ಸೋಪಿನ ನೀರು, ನಿಂಬೆರಸ ಪಕ್ಕದಲ್ಲೇ ಇಟ್ಟುಕೊಳ್ಳುತ್ತೇನೆ. ಬೆಳಕಿನ ವಕ್ರೀಭವನ ಮತ್ತು ರಾಸಾಯನಿಕ ಸಮೀಕರಣ ಸರಿದೂಗಿಸುವ ಸಿಮ್ಯುಲೇಶನ್‌ಗಳು ಕೂಡ ಚೆನ್ನಾಗಿವೆ.

ಇಷ್ಟೆಲ್ಲ ಶಿಕ್ಷಕರು ಕಲಿಯುವುದು ಎಲ್ಲಿ? ನಾನು ಕೂತ ಒಂದು ತರಬೇತಿಯಲ್ಲಿ ದಿನವಿಡೀ ಸ್ಲೈಡ್ ಓದಿದರು. ಒಬ್ಬರಿಗೂ ಲ್ಯಾಪ್‌ಟಾಪ್ ಮುಟ್ಟಲು ಸಿಗಲಿಲ್ಲ. ಸಂಜೆ ಎಲ್ಲರಿಗೂ ಪ್ರಮಾಣಪತ್ರ ಸಿಕ್ಕಿತು. ಇಂಥದ್ದು ನೋಡಿದರೆ ಬೇಸರ ಆಗುತ್ತದೆ, ಯಾಕೆಂದರೆ ಕಲಿಯುವ ಆಸೆ ಇರುವ ಶಿಕ್ಷಕರು ಅಲ್ಲಿ ತುಂಬ ಜನ ಇದ್ದರು. ನನಗೆ ಕೈಹಿಡಿದದ್ದು ಅಕ್ಕಪಕ್ಕದ ಶಾಲೆಗಳ ಶಿಕ್ಷಕರು ಸೇರುವ ಸಮಾಲೋಚನಾ ಸಭೆಗಳಲ್ಲಿ ನಾವು ನಾವೇ ಕೂತು ಮಾಡಿದ್ದು. ಒಬ್ಬರು ಮುಂದಿನ ವಾರದ ಪಾಠ ತರುತ್ತಾರೆ. ಉಳಿದವರು ಮಕ್ಕಳಾಗಿ ಕೂತು ತಪ್ಪು ಉತ್ತರ ಕೊಡುತ್ತಾರೆ. ನಮ್ಮಲ್ಲೊಬ್ಬ ಮೇಡಂ ಮೌಸ್ ಹಿಡಿಯಲೂ ಹೆದರುತ್ತಿದ್ದರು. ಈಗ ಅವರು ಯಾವ ಬಟನ್ ಯಾವಾಗ ಒತ್ತಬಾರದು ಅಂತ ನಮಗೆ ಹೇಳಿಕೊಡುತ್ತಾರೆ. "ಮಕ್ಕಳು ಊಹೆ ಬರೆಯೋ ತನಕ ಒತ್ತಬ್ಯಾಡ್ರಿ ಸರ್" ಅನ್ನುವುದು ಅವರ ನಿಯಮ. ಅದು ಪೂರ್ತಿ ಸರಿ. ಊಹೆ ಇಲ್ಲದೆ ತೋರಿಸಿದರೆ ಮಕ್ಕಳು ಸುಮ್ನೆ ನೋಡಿ ಎದ್ದುಹೋಗುತ್ತಾರೆ. ಪಠ್ಯಪುಸ್ತಕದ ಕ್ಯೂಆರ್ ಕೋಡ್‌ನಿಂದ ಸರ್ಕಾರದ ದೀಕ್ಷಾ ಆ್ಯಪ್‌ನಲ್ಲಿ ತೆರೆಯುವ ವಿಡಿಯೊಗಳು ಮನೆಯಲ್ಲಿ ಪಾಠ ನೆನಪಿಸಿಕೊಳ್ಳಲು ಒಳ್ಳೆಯವು. ಆದರೆ "ಹೀಗೆ ಮಾಡಿದರೆ ಏನಾಗುತ್ತದೆ" ಅಂತ ವಿಡಿಯೊವನ್ನು ಕೇಳಲು ಬರುವುದಿಲ್ಲ.

ಹೊಸಬರು ಒಂದೇ ಸಿಮ್ಯುಲೇಶನ್ ಆರಿಸಿಕೊಳ್ಳಿ. ಮನೆಯಲ್ಲಿ ಒಂದು ಸಂಜೆ ಅದರೊಂದಿಗೆ ಆಟ ಆಡಿ. ತರಗತಿಯಲ್ಲಿ ಮೊದಲ ಐದು ನಿಮಿಷ ಮಕ್ಕಳ ಕೈಗೇ ಕೊಡಿ. ಸ್ಮಾರ್ಟ್ ಟಿವಿ ಇದ್ದರೆ ಲ್ಯಾಪ್‌ಟಾಪನ್ನು ಕೇಬಲ್‌ನಿಂದ ಜೋಡಿಸುವುದು ಸಲೀಸು. ಹೆಚ್ಚಿನ ಸಿಮ್ಯುಲೇಶನ್ ಪುಟಗಳಲ್ಲಿ ಶಿಕ್ಷಕರಿಗೆ ಸಲಹೆಗಳಿವೆ, ಅವು ಇಂಗ್ಲಿಷಿನಲ್ಲಿದ್ದರೂ ಓದಿ.

ಐದಕ್ಕೆ ನಾಲ್ಕೂವರೆ ಕೊಡುತ್ತೇನೆ. ಅರ್ಧ ಕಡಿಮೆ ಮಾಡಿದ್ದು ಎಲ್ಲ ಸಿಮ್ಯುಲೇಶನ್‌ಗಳೂ ಇನ್ನೂ ಕನ್ನಡಕ್ಕೆ ಬಂದಿಲ್ಲ ಅಂತ. ಅನುವಾದ ಮಾಡುವ ಸಾಧನವನ್ನು ಅವರೇ ಉಚಿತವಾಗಿ ಕೊಟ್ಟಿದ್ದಾರೆ, ಆಸಕ್ತಿ ಇರುವ ಶಿಕ್ಷಕರು ಮಾಡಬಹುದು. ನಮ್ಮ ಕ್ಲಸ್ಟರಿನ (ಅಕ್ಕಪಕ್ಕದ ಶಾಲೆಗಳ ಗುಂಪಿನ) ಶಿಕ್ಷಕರು ಬೇಸಿಗೆ ರಜೆಗೆ ಒಂದನ್ನು ಕೈಗೆತ್ತಿಕೊಳ್ಳಲು ನಿರ್ಧರಿಸಿದ್ದೇವೆ. ರಾಯಚೂರು, ಬಳ್ಳಾರಿ ಕಡೆಯ ಶಿಕ್ಷಕರೂ ಒಂದೊಂದು ಹಂಚಿಕೊಂಡರೆ ಕೆಲಸ ಬೇಗ ಆಗುತ್ತದೆ.